ಹೊಂಬಾಳಕ್ಕ ಗುಬ್ಬಿಯಲ್ಲಿ ಹಾಕಿದ ಬೀಗ

ಹೊಂಬಾಳಕ್ಕನಿಗೆ ಅರವತ್ನಾಲ್ಕು. ಮಂಡಿ ನೋವಿದೆ, ಎಡಗಣ್ಣಿನ ಪೊರೆ ತೆಗೆಸಿದ್ದಾಳೆ, ನಾಲಿಗೆ ಮೊದಲಿಂದಲೂ ಹರಿತ. ಬೆರಳು ಮಾತ್ರ ಇಪ್ಪತ್ತರ ಹುಡುಗಿಯದ್ದು.

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದುಗಡೆ ಮೂವತ್ತು ವರ್ಷ ಟೈಪಿಂಗ್ ಸ್ಕೂಲ್ ನಡೆಸಿದವಳು. ಮೊದಲು ಕಬ್ಬಿಣದ ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ನಮ್ಮ ಕಾರ್ಮಿಕ ಸಂಘದ ಕರಪತ್ರ, ಮನವಿ, ಧರಣಿಯ ನೋಟಿಸು ಎಲ್ಲ ಅವಳ ಕೈಯಿಂದಲೇ ಹೊರಟದ್ದು. ಒಂದು ಸಲ ರಸ್ತೆ ತಡೆ ಮಾಡಿ ನಾವು ಹದಿನಾಲ್ಕು ಜನ ಸ್ಟೇಷನ್ನಿನಲ್ಲಿ ಕೂತಿದ್ದಾಗ, ರೈಟರ್ ಎರಡೇ ಬೆರಳಲ್ಲಿ ದೂರು ಕುಟ್ಟುತ್ತಿದ್ದ. ಅಕ್ಕನಿಗೆ ನೋಡಲಾಗಲಿಲ್ಲ. 'ಏಳಪ್ಪ ಅತ್ಲಾಗೆ' ಎಂದು ಅವನನ್ನು ಎಬ್ಬಿಸಿ, ತಾನೇ ಕೂತು, ನಮ್ಮ ಮೇಲಿನ ದೂರನ್ನು ಹತ್ತು ನಿಮಿಷದಲ್ಲಿ ತಪ್ಪಿಲ್ಲದೆ ಮುಗಿಸಿಕೊಟ್ಟಳು. ಆ ದೂರಿನ ಮೇಲೆ ಹನ್ನೊಂದು ದಿನ ಒಳಗಿದ್ದೆವು.

ಅಂಥವಳು ಮೂರು ವರ್ಷದ ಹಿಂದೆ ಒಂದು ತಪ್ಪು ಮಾಡಿದಳು. ಹೆಬ್ಬೂರು ದಾಟಿ ಕುಣಿಗಲ್ ಕಡೆ ಹೋಗುವ ದಾರಿಯಲ್ಲಿ ಕೊಬ್ಬರಿ ಪುಡಿ ಮಾಡುವ ಒಂದು ಕಾರ್ಖಾನೆ ಇದೆ. ಒಳಗೆ ತೆಂಗಿನಕಾಯಿ ಸುಲಿಯುವವರೆಲ್ಲ ಹೆಂಗಸರು. ಪಾಳಿಯ ಹೊತ್ತಿನಲ್ಲಿ ಅವರ ಪಾಯಿಖಾನೆಗೆ ಬೀಗ ಹಾಕುತ್ತಿದ್ದರು. ಬೀಗದ ಕೈ ಸೂಪರ್‌ವೈಸರ್ ಜೇಬಿನಲ್ಲಿ. ಅದನ್ನು ಕೇಳಲು ಹೋದವಳಿಗೆ ಅವನು ಏನು ಹೇಳುತ್ತಿದ್ದ ಎಂಬುದನ್ನು ಬರೆದರೆ ಈ ಹಾಳೆ ಗಬ್ಬು ನಾರುತ್ತದೆ. ಒಂಬತ್ತು ಜನ ಧೈರ್ಯ ಮಾಡಿ ದೂರಿಗೆ ಹೆಸರು ಕೊಟ್ಟರು. ಅಕ್ಕ ದೂರು ಟೈಪ್ ಮಾಡಿದಳು, ಆದರೆ ಅವಳ ಪ್ರಿಂಟರ್ ಕೆಟ್ಟಿತ್ತು. ಪೆನ್‌ಡ್ರೈವ್ ತಗೊಂಡು ಜೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯವನು ಕಡತವನ್ನು ತನ್ನ ಕಂಪ್ಯೂಟರಿಗೆ ಇಳಿಸಿ ಪ್ರಿಂಟ್ ಕೊಟ್ಟ. ಅಳಿಸಲಿಲ್ಲ. ಅಕ್ಕನೂ ಅಳಿಸು ಅನ್ನಲಿಲ್ಲ. ಸಂಜೆಗೆ ಒಂಬತ್ತು ಹೆಸರೂ ಸೂಪರ್‌ವೈಸರನ ಫೋನಿನಲ್ಲಿದ್ದವು. ಮೂರನೇ ಬೆಳಿಗ್ಗೆ ಆ ಒಂಬತ್ತು ಜನರನ್ನು ಗೇಟಿನಿಂದಲೇ ವಾಪಸ್ ಕಳಿಸಿದರು.

ಅಕ್ಕ ಒಂಬತ್ತು ಮನೆಗೂ ಹೋಗಿ, ತಪ್ಪು ನನ್ನದು ಎಂದು ಹೇಳಿ ಬಂದಳು. ಇಬ್ಬರು ಬಾಗಿಲು ತೆಗೆಯಲಿಲ್ಲ. ಹೆಬ್ಬೂರಿನ ಮರಿಯಮ್ಮ ತೆಗೆದಳು. ಬೈದಳು. ಬೈದು ಮುಗಿಸಿ ನೀರು ಕೊಟ್ಟಳು.

ಅದೇ ಮರಿಯಮ್ಮ ಈ ವರ್ಷ ಗುಬ್ಬಿಗೆ ಬಂದಳು. ಕಾರ್ಖಾನೆಯ ವ್ಯಾನು ನಿಲ್ಲುವ ಕಡೆ, ಹಾಲಿನ ಡೇರಿಯ ಹತ್ತಿರ, ಬೋರ್‌ವೆಲ್ ಮುಂದೆ ನಿಂತು ನಾಲ್ಕು ತಿಂಗಳಲ್ಲಿ ಮೂವತ್ತೊಂದು ಜನರ ಹೇಳಿಕೆ ಕೂಡಿಸಿದ್ದಳು. ಕಾರ್ಮಿಕ ಇಲಾಖೆಯಲ್ಲಿ ಅಧಿಕಾರಿ ಬದಲಾಗಿದ್ದರು. ಹೆಸರು ಹೊರಗೆ ಬಿಡದೆ, ಮುಚ್ಚಿದ ಲಕೋಟೆಯಲ್ಲಿ ತೆಗೆದುಕೊಳ್ಳುತ್ತೇನೆ, ಗುರುವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಕೊಡಿ, ಶುಕ್ರವಾರವೇ ತಪಾಸಣೆಗೆ ಹೋಗುತ್ತೇನೆ ಎಂದಿದ್ದರು. ಗುರುವಾರ ತಪ್ಪಿದರೆ ಅವರು ಒಂದು ತಿಂಗಳ ತರಬೇತಿಗೆ ಹೋಗುವವರು. ಅಷ್ಟರಲ್ಲಿ ಸುದ್ದಿ ಕಾರ್ಖಾನೆಗೆ ಹೋಗದೆ ಇರುತ್ತಿರಲಿಲ್ಲ.

'ಟೈಪ್ ಮಾಡ್ಕೊಡಿ ಮೇಡಮ್ಮೋರೆ,' ಎಂದಳು ಮರಿಯಮ್ಮ. 'ಈ ಸಲ ಏನಾರ ಹೆಸರು ಈಚೆಗೆ ಬಂದ್ರೆ ಮೂವತ್ತೊಂದು ಜನನೂ ನಿಮ್ಮನೆ ಜಗುಲಿ ಮ್ಯಾಲೆ ಬಂದ್ ಕೂರ್ತೀವಿ. ಮೂರೊತ್ತೂ ಮುದ್ದೆ ನೀವೇ ತೊಳುಸ್ಬೇಕು.'

'ಕೂರೇ. ನಂಗೂ ಜೊತೆ ಬೇಕು,' ಎಂದಳು ಅಕ್ಕ. ಆದರೆ ಮುಖ ನಗುತ್ತಿರಲಿಲ್ಲ.

ಹೇಳಿಕೆಗಳನ್ನು ಅಧಿಕಾರಿಗೆ ಮುಟ್ಟಿಸಬೇಕಾದ ನಮ್ಮ ವಕೀಲೆ ಯಶಸ್ವಿನಿ ಇರುವುದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಮೂವತ್ತರ ಒಳಗಿನ ಹುಡುಗಿ, ಮನೆಯ ಮುಂದಿನ ಕೋಣೆಯೇ ಆಫೀಸು. ದಾರಿ ತೋರಿಸಿದ್ದು ಅವಳೇ. ಕಡತಕ್ಕೆ ಬೀಗ ಹಾಕುವ ಒಂದು ಸಲಕರಣೆ ಇದೆಯಂತೆ, ಸಾಮಾನ್ಯ ವೆಬ್ ಪುಟದಂತೆ ಬ್ರೌಸರ್‌ನಲ್ಲೇ ತೆರೆಯುವಂಥದ್ದು. ಆ ಪುಟವನ್ನು ನಮ್ಮ ಕಂಪ್ಯೂಟರಿಗೇ ಇಳಿಸಿಕೊಂಡು, ಇಂಟರ್ನೆಟ್ ವೈರು ಕಿತ್ತು ಹಾಕಿ ನಡೆಸಬಹುದು. ಕಡತ ಎಲ್ಲಿಗೂ ಹೋಗುವುದಿಲ್ಲ. ಗುಪ್ತಪದ ಕೊಟ್ಟರೆ ಅಲ್ಲೇ ಬೀಗ ಬೀಳುತ್ತದೆ. ಆಮೇಲೆ ಆ ಬೀಗ ಬಿದ್ದ ಕಡತವನ್ನು ಈಮೇಲಿನಲ್ಲಿ ಕಳಿಸಿದರೂ ಸರಿ, ನಡುಬೀದಿಯಲ್ಲಿ ಇಟ್ಟರೂ ಸರಿ.

'ನಾನೇ ಬಂದು ಹಾಕ್ಕೊಡ್ತೀನಿ ಆಂಟಿ,' ಎಂದಳು ಯಶಸ್ವಿನಿ ಫೋನಿನಲ್ಲಿ.

'ಬ್ಯಾಡ. ಹೆಂಗೆ ಅಂತ ಒಂದು ಹಾಳೇಲಿ ಬರ್ದು ಕಳ್ಸು. ಹೋದ್ಸಲ ಬ್ಯಾರೇವ್ರ ಕಂಪ್ಯೂಟರ್ ನಂಬಿ ಕೆಟ್ಟಿದ್ದು ಸಾಕು. ನನ್ನ ಬೀಗ ನಾನೇ ಕೂರುಸ್ತೀನಿ.'

ಮಂಗಳವಾರ ಬೆಳಿಗ್ಗೆ ನಾನು ಹೋದಾಗ ಅವಳು ಆ ಹಾಳೆಯನ್ನು ಕಂಪ್ಯೂಟರಿನ ಪರದೆಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿ ಕೂತಿದ್ದಳು.

'ಬಾರ್ಲಾ ಬೆಟ್ಟಸ್ವಾಮಿ, ಕನ್ನಡ್ಕ ತಂದಿದ್ದೀಯಾ? ಕೂತ್ಕೋ. ಪ್ರೂಫ್ ನೋಡೋದಿದೆ.'

ಪುಟವನ್ನು ಆಗಲೇ ಇಳಿಸಿಕೊಂಡಿದ್ದಳು. ಇಳಿದದ್ದು ಅಸಲಿಯೋ, ನಡುವೆ ಯಾರಾದರೂ ಕೈಯಾಡಿಸಿದ್ದಾರೋ ನೋಡಲು ಒಂದು ದಾರಿ ಇತ್ತು. ಮಾಡಿದವರು ಅರವತ್ನಾಲ್ಕು ಅಕ್ಷರ-ಅಂಕಿಗಳ ಒಂದು ಗುರುತು ಕೊಟ್ಟಿರುತ್ತಾರೆ; ಯಶಸ್ವಿನಿ ಅದನ್ನೂ ಹಾಳೆಯಲ್ಲಿ ಬರೆದು ಕಳಿಸಿದ್ದಳು. ನಮ್ಮ ಕಂಪ್ಯೂಟರಿಗೆ ಒಂದು ಸಾಲು ಆಜ್ಞೆ ಕೊಟ್ಟರೆ ಇಳಿದ ಕಡತದ ಗುರುತನ್ನು ಅದೂ ಲೆಕ್ಕ ಹಾಕಿ ತೋರಿಸುತ್ತದೆ. ಎರಡೂ ಒಂದೇ ಇರಬೇಕು. ಒಂದು ಅಕ್ಷರ ಆಚೀಚೆಯಾದರೂ ಕಡತ ಕಸ.

ಯಶಸ್ವಿನಿ ಕಣ್ಣಲ್ಲೇ ನೋಡಿ ಸಾಕು ಎಂದು ಬರೆದಿದ್ದಳು. ಅಕ್ಕನಿಗೆ ಕಣ್ಣಿನ ಮೇಲೆ ನಂಬಿಕೆಯಿಲ್ಲ. ಹಳೇ ಪ್ರೆಸ್ಸಿನ ಕ್ರಮದಲ್ಲೇ ಆಗಬೇಕು: ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪೆನ್ಸಿಲ್ ಹಿಡಿದು ಹೊಡೆಯುವುದು. ಅವಳು ಪರದೆ ಓದಿದಳು, ನಾನು ಹಾಳೆ ಹಿಡಿದೆ.

'ಏಳು. ಎಫ್. ಸೊನ್ನೆ. ಸೊನ್ನೆ. ಬಿ. ಮೂರು...'

'ಮೂರಲ್ಲ, ಎಂಟು.'

ಪರದೆಯ ಮೇಲೆ ಹರಿಯುತ್ತಿದ್ದ ಅವಳ ಬೆರಳು ನಿಂತಿತು. 'ಎಂಟಾ? ಸರ್ಯಾಗಿ ನೋಡ್ಲಾ.'

ಕನ್ನಡಕ ಒರೆಸಿ ನೋಡಿದೆ. ಮೂರೇ. ಹಾಳೆಯ ಮಡಿಕೆ ಅಂಕಿಯ ಮೇಲೆ ಬಿದ್ದಿತ್ತು.

'ನಿನ್ನ ಕಣ್ಣಿಗಿಷ್ಟು! ಮೊದ್ಲಿಂದ.'

ಮೊದಲಿಂದ ಶುರು ಮಾಡಿದೆವು. ಅರವತ್ನಾಲ್ಕನೆಯದು ಹೊಂದಿದಾಗ ಅವಳು ಮೇಜು ಗುದ್ದಿದಳು. ಕುರ್ಚಿಯಿಂದ ಬಗ್ಗಿ ಇಂಟರ್ನೆಟ್ ವೈರು ಕಿತ್ತು, ನನ್ನ ಮಡಿಲಿಗೆ ಎಸೆದಳು. 'ಇಟ್ಕೊಂಡಿರು. ಇನ್ನು ನಾನೂ ಅದೂ ಇಬ್ರೇ.'

ಕಡತವನ್ನು ಒತ್ತಿದಳು. ಬ್ರೌಸರ್ ತೆರೆಯಿತು. ನಡುವೆ ಎರಡು ಚೌಕ, ಕೆಳಗೆ ಎರಡು ಗುಂಡಿ, ಅಷ್ಟೇ. ಮೊದಲು ಒಂದು ಹಳೇ ಕರಪತ್ರ ಕೊಟ್ಟು ನೋಡಿದಳು. ಗುಪ್ತಪದ ಹಾಕಿ ಒತ್ತಿದಳು. ಹೊರಬಂದ ಕಡತ ತೆಗೆದರೆ ಗೆದ್ದಲು ತಿಂದ ಹಾಗೆ ಗೀಚು ಗೀಚು. ತಪ್ಪು ಗುಪ್ತಪದ ಕೊಟ್ಟಳು. ಆಗದು ಎಂದಿತು. ಸರಿಯಾದ್ದು ಕೊಟ್ಟಳು. 'ಬಂಧುಗಳೇ' ಎಂದು ಕರಪತ್ರ ಎದ್ದು ಬಂತು.

'ಅಯ್ಯೋ ನಿನ್ನ! ನೋಡ್ಲಾ ಇದ್ನ! ನೋಡ್ಲಾ!' ನನ್ನ ಬೆನ್ನಿಗೆ ಬಿದ್ದ ಏಟು ಎರಡು ದಿನ ನೋಯುತ್ತಿತ್ತು. ಹಾಕಿದಳು, ತೆಗೆದಳು, ಹಾಕಿದಳು, ತೆಗೆದಳು. ಐದು ಸಲ. ಒಲೆ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂದರೂ ಏಳಲಿಲ್ಲ.

ಗುಪ್ತಪದ ಯಾವುದಿರಬೇಕು? ನಾನು ನಮ್ಮ ಘೋಷಣೆಯನ್ನೇ ಇಡೋಣ ಎಂದೆ.

'ಥೂ. ಆ ಘೋಷಣೆ ಸ್ಟೇಷನ್ ಪೇದೆಗಳಿಗೂ ಬಾಯಿಪಾಠ ಆಗಿದೆ ಕಣೋ. ಮೂವತ್ತೈದು ವರ್ಷ ಅವರ ಕಿವೀಲೇ ಕೂಗಿದ್ದೀವಿ.'

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಆರಿಸಿದಳು. ಒಂದು ಅಡುಗೆಮನೆಯ ಸಾಮಾನು, ಒಂದು ಗಿಡ, ಒಂದು ಊರು, ಒಂದು ಬೈಗುಳ. ಯಾವುವು ಎಂದು ಇವತ್ತಿಗೂ ಬರೆಯುವುದಿಲ್ಲ. ಕಾಗದದ ಮೇಲೆ ಇಳಿಯಕೂಡದು, ಫೋನಿನಲ್ಲಿ ಹೇಳಕೂಡದು. ನಾನು ಬಾಯಿಪಾಠ ಮಾಡಿಕೊಂಡು ಬಸ್ಸಿನಲ್ಲಿ ಹೋಗಿ ಯಶಸ್ವಿನಿಯ ಕಿವಿಗೆ ಹೇಳಬೇಕು. ತುರ್ತು ಪರಿಸ್ಥಿತಿ ಕಂಡ ನಮ್ಮ ಹಿರಿಯರು ಹಾಗೇ ಮಾಡುತ್ತಿದ್ದರು.

ಬುಧವಾರ ಮೂವತ್ತೊಂದು ಹೇಳಿಕೆಯನ್ನೂ ಟೈಪ್ ಮಾಡಿ ಬೀಗ ಹಾಕಿದಳು. ತೆಗೆದು ನೋಡಿ, ಮತ್ತೆ ಹಾಕಿದಳು. ವೈರು ಮತ್ತೆ ಸಿಕ್ಕಿಸಿ, ಬೀಗ ಬಿದ್ದ ಕಡತವನ್ನು ಯಶಸ್ವಿನಿಗೆ ಈಮೇಲ್ ಮಾಡಿದಳು. ಮೂಲ ಕಡತ ಅಳಿಸಿದಳು. ಮರಿಯಮ್ಮ ತಂದಿದ್ದ ಕೈಬರಹದ ಚೀಟಿಗಳನ್ನು ಬಚ್ಚಲೊಲೆಗೆ ಹಾಕಿದಳು. ಆ ಹೆಂಗಸರ ಮಾತು ಈಗ ಇದ್ದದ್ದು ಬೀಗದೊಳಗೆ ಮಾತ್ರ.

ಗುರುವಾರ ಬೆಳಿಗ್ಗೆ ಗುಬ್ಬಿಯಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ನಾಲ್ಕು ಪದಗಳನ್ನು ತುಟಿಯೊಳಗೇ ಉರು ಹೊಡೆದೆ. ಪಕ್ಕದಲ್ಲಿ ಕೂತಿದ್ದ ಯಜಮಾನರು 'ಯಾವ ದೇವ್ರ ಒಕ್ಕಲು ತಾವು?' ಎಂದರು. ನಾಲ್ಕನೆಯ ಪದ ಬೈಗುಳ. ಅದು ಅವರಿಗೆ ಕೇಳಿಸಿರಲಿಲ್ಲ, ಪುಣ್ಯ.

ಹನ್ನೊಂದು ಗಂಟೆಗೆ ಉಪ್ಪಾರಹಳ್ಳಿ ತಲುಪಿದೆ. ಮರಿಯಮ್ಮ ಆಗಲೇ ಬಂದು ಗೋಡೆಗೊರಗಿ ಕೂತಿದ್ದಳು. ಯಶಸ್ವಿನಿ ಅದೇ ಸಲಕರಣೆಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟುಕೊಂಡಿದ್ದಳು. ಅವಳ ಕಿವಿಗೆ ನಾಲ್ಕು ಪದ ಹೇಳಿದೆ. ನಾಲ್ಕನೆಯದಕ್ಕೆ ಕಿಸಕ್ಕನೆ ನಕ್ಕಳು. ಕನ್ನಡದಲ್ಲಿ ಟೈಪ್ ಮಾಡಿ ಒತ್ತಿದಳು.

ಗುಪ್ತಪದ ತಪ್ಪು.

ನಿಧಾನಕ್ಕೆ ಮತ್ತೆ ಒತ್ತಿದಳು. ತಪ್ಪು. ನಡುವೆ ಜಾಗ ಬಿಟ್ಟು, ಬಿಡದೆ, ಹಿಂದುಮುಂದು ಮಾಡಿ. ತಪ್ಪು, ತಪ್ಪು, ತಪ್ಪು.

'ಅಂಕಲ್, ಸರ್ಯಾಗಿ ನೆನಪು ಮಾಡ್ಕೊಳ್ಳಿ.'

'ನೆನಪಿದೆ ಕಣಮ್ಮ.'

'ಈ ಅಣ್ಣಂಗೆ ಹೋದ್ವರ್ಸ ನಮ್ಮೂರಿಗೆ ಬರೋವಾಗ ಚಪ್ಪಲೀನೆ ನೆನಪಿರ್ಲಿಲ್ಲ. ಬಸ್ಸಲ್ಲೇ ಬುಟ್ಟು ಬಂದಿತ್ತು,' ಎಂದಳು ಮರಿಯಮ್ಮ. ಅದೂ ನಿಜವೇ. ನನಗೇ ಅನುಮಾನ ಹತ್ತಿತು. ಆ ಗಿಡ ಅದೇನಾ? ಬೇರೆ ಗಿಡವಾ?

ಹನ್ನೊಂದು ಮುಕ್ಕಾಲಾಯಿತು. ಗುಬ್ಬಿಗೆ ಫೋನ್ ಹಚ್ಚಿದೆವು. ಪದ ಹೇಳುವ ಹಾಗಿಲ್ಲ. ಅಕ್ಕ ಬಳಸಿ ಬಳಸಿ ಕೇಳಿದಳು.

'ಮೊದಲ್ನೇದು ನಮ್ಮವ್ವಂದು, ಹಿಡಿ ಮುರ್ದೋಗಿತ್ತಲ್ಲ, ಅದೇ ತಾನೆ?'

'ಅದೇ.'

'ಎರಡ್ನೇದು ಹಿತ್ಲಲ್ಲಿರೋದು? ಮೂರ್ನೇದು ನಮ್ಮವ್ವನ ತೌರು?'

'ಅದೇ.'

'ನಾಕ್ನೇದು ನಿಂಗೆ ನಿಮ್ಮಪ್ಪ ಬೈತಿದ್ದದ್ದು?'

'ಅದೇ ಕಣಕ್ಕ!'

'ಮತ್ತೆ ಸರಿ ಅದೆ. ತಡಿ, ಇಲ್ಲೂ ತೆಗ್ದು ನೋಡ್ತೀನಿ.' ಕೀಲಿಮಣೆಯ ಸದ್ದು ಮಳೆ ಹನಿದಂತೆ ಕೇಳಿಸಿತು. 'ಇಲ್ಲಿ ತೆಕ್ಕೊಂತು! ಪಟ್ಟಂತ ತೆಕ್ಕೊಂತು!'

ಅದೇ ಕಡತ, ಅದೇ ಪದ. ಗುಬ್ಬಿಯಲ್ಲಿ ತೆರೆಯುತ್ತದೆ, ಉಪ್ಪಾರಹಳ್ಳಿಯಲ್ಲಿ ತೆರೆಯುವುದಿಲ್ಲ.

ಯಶಸ್ವಿನಿ ಗಡಿಯಾರ ನೋಡಿದಳು. ಹನ್ನೆರಡು ದಾಟಿತ್ತು. 'ಆಂಟಿ, ಟೈಮಿಲ್ಲ. ಹೆಂಗೂ ಅಲ್ಲಿ ತೆಕ್ಕೊಂಡಿದೆ. ಹಂಗೇ ವಾಟ್ಸಾಪಲ್ಲಿ ಹಾಕ್ಬಿಡಿ. ಒಂದ್ಸಲಕ್ಕೆ ಏನಾಗಲ್ಲ.'

ಮರಿಯಮ್ಮ ಗೋಡೆ ಬಿಟ್ಟು ಎದ್ದು ನಿಂತಳು.

'ಏನಾಗಲ್ಲ ಅಂತಾನೆ ಹೋದ್ಸಲ ಪೆನ್‌ಡ್ರೈವ್ ಕೊಟ್ಟಿದ್ದು ಕಣವ್ವ ನಾನು,' ಎಂದಳು ಅಕ್ಕ. 'ಒಂಬತ್ತು ಒಲೆಗೆ ನೀರು ಸುರ್ದಿದ್ದೀನಿ. ಇದು ಬೀಗ ಹಾಕ್ಕೊಂಡೇ ಬರ್ಬೇಕು. ಇಲ್ಲ ಅಂದ್ರೆ ನಾನೇ ಬಸ್ ಹತ್ತಿ ಬರ್ತೀನಿ.'

'ನೀವು ಬಂದು ಮುಟ್ಟೋದ್ರಲ್ಲಿ ಒಂದೂವರೆ. ಪ್ರಿಂಟ್, ಅರ್ಜಿ, ಸಹಿ... ಆಗಲ್ಲ ಆಂಟಿ.'

'ಐದು ನಿಮಿಷ ಕೊಡು. ಬಾಯ್ ಮುಚ್ಕೊಂಡಿರಿ ಎಲ್ರೂ.'

ಕೊಟ್ಟೆವು. ಎರಡು ನಿಮಿಷಕ್ಕೆ ಅವಳು ಕೂಗಿದ ಕೂಗಿಗೆ ಫೋನು ಯಶಸ್ವಿನಿಯ ಕೈಯಿಂದ ಜಾರಿತು.

'ಅಯ್ಯೋ ನನ್ ಮಂಕು ಮೂದೇವಿ! ಕಣ್ಣಿನ ಗುರುತು ಒತ್ತಿದೆ ಕಣ್ರೋ! ಗುಪ್ತಪದದ ಪಕ್ಕ ಇರುತ್ತಲ್ಲ, ಚುಕ್ಕೆ ತೆಗ್ದು ಅಕ್ಷರ ತೋರ್ಸೋದು! ಇಲ್ಲಿ ಒಂದು ಕನ್ನಡಕ್ಷರ ಇಲ್ಲ! ಬರೀ ಇಂಗ್ಲಿಷು, ತಲೆ ಮೇಲೆ ಕೊಂಬಿರೋ ಇಂಗ್ಲಿಷು!'

ನನಗೆ ಅರ್ಥವಾಗಲಿಲ್ಲ. ಯಶಸ್ವಿನಿಗೆ ಆಯಿತು, ಹಣೆ ಬಡಿದುಕೊಂಡಳು.

ಸಂಗತಿ ಇಷ್ಟು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಎರಡು ಬಗೆ. ಈಗಿನವರದು ಯೂನಿಕೋಡ್; ಯಂತ್ರದ ಒಳಗೂ ಕನ್ನಡದ ಅಕ್ಷರವೇ ಕೂರುತ್ತದೆ. ಅಕ್ಕನಂಥ ಹಳೇ ಡಿಟಿಪಿಯವರದು ಬೇರೆ. ಒಳಗೆ ಕೂರುವುದು ಇಂಗ್ಲಿಷಿನ ಅಕ್ಷರಗಳೇ, ಅವುಗಳ ಮೇಲೆ ಫಾಂಟು ಕನ್ನಡದ ವೇಷ ಹಾಕಿಸುತ್ತದೆ. ಇಪ್ಪತ್ತೈದು ವರ್ಷದಿಂದ ಅಕ್ಕನ ಕಂಪ್ಯೂಟರಿನಲ್ಲಿ ಕನ್ನಡ ಬರೆಸುವ 'ನುಡಿ' ತಂತ್ರಾಂಶ ಹಳೇ ಬಗೆಯಲ್ಲೇ ಓಡುತ್ತಿತ್ತು. ಗುಪ್ತಪದದ ಚೌಕದಲ್ಲಿ ಕಾಣುವುದು ಚುಕ್ಕೆ ಮಾತ್ರ. ತಾನು ಕನ್ನಡ ಬರೆದೆ ಎಂದು ಅವಳು ತಿಳಿದಳು. ಬೀಗಕ್ಕೆ ಬಿದ್ದದ್ದು ಒಳಗಿನ ಇಂಗ್ಲಿಷು. ಇಲ್ಲಿ ಯಶಸ್ವಿನಿ ಕೊಟ್ಟದ್ದು ನಿಜವಾದ ಕನ್ನಡ. ಬಾಯಿಗೆ ಒಂದೇ ಪದ, ಬೀಗಕ್ಕೆ ಬೇರೆ ಬೇರೆ ಕೀಲಿಕೈ.

'ನುಡಿ ಇಳ್ಸ್ಕೋ. ಹಳೇ ಬಗೆಗೆ ಹಾಕು. ಆಮೇಲೆ ಅದೇ ಪದ ಹೊಡಿ,' ಎಂದಳು ಅಕ್ಕ.

ಇಳಿಸಿಕೊಂಡು ಕೂರಿಸುವ ಹೊತ್ತಿಗೆ ಹನ್ನೆರಡೂ ಮುಕ್ಕಾಲು. ಯಶಸ್ವಿನಿ ಕೀಲಿಮಣೆಯ ಮೇಲೆ ಕೈ ಇಟ್ಟಳು. ಪೆಚ್ಚಾದಳು. ಅವಳಿಗೆ ಆ ಕೀಲಿಮಣೆಯೇ ಬಾರದು. ಫೋನಿನಲ್ಲಿ ಇಂಗ್ಲಿಷ್ ಕುಟ್ಟಿ ಕನ್ನಡ ಬರಿಸುವ ಕಾಲದವಳು.

'ಒತ್ತಕ್ಷರ ಎಲ್ಲಿದೆ? ಒತ್ತು ಬರ್ತಾನೇ ಇಲ್ಲ!'

'ಒತ್ತಿಗೆ ಎಫ್ ಒತ್ಬೇಕು ಕಣವ್ವ ಲಾಯರಮ್ಮ,' ಎಂದಳು ಮರಿಯಮ್ಮ.

ನಾವಿಬ್ಬರೂ ತಿರುಗಿ ನೋಡಿದೆವು.

'ಮದ್ವೆಗೆ ಮುಂಚೆ ಆರ್ ತಿಂಗ್ಳು ಮೇಡಮ್ಮೋರ ಹತ್ರ ಕಲ್ತಿದ್ದೆ. ತೌರೂರು ಬೆಳ್ಳಾವಿಯಿಂದ ಬಸ್ಸಲ್ಲಿ ಹೋಗ್ ಬರ್ತಿದ್ದೆ. ಗೆಣ್ಣಿಗೆ ಸ್ಕೇಲಲ್ಲಿ ಹೊಡೆಯೋರು.'

ಫೋನಿನಲ್ಲಿ ಕೇಳಿದೆ: 'ಅಕ್ಕ, ಮರಿಯಮ್ಮಂಗೆ ಪದ ಹೇಳ್ಬೋದಾ?'

'ಅವಳಿಗೆ ಹೇಳ್ದೆ ಇನ್ಯಾರಿಗ್ಲಾ ಹೇಳೋದು, ಮುಖ್ಯಮಂತ್ರಿಗಾ?'

ಹೇಳಿದೆ. ಮರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಒಂಬತ್ತು ವರ್ಷ ತೆಂಗಿನಕಾಯಿ ಸುಲಿದ ಕೈ. ಬಲ ತೋರುಬೆರಳಿನ ತುದಿಯಲ್ಲಿ ಕತ್ತಿಯ ಗಾಯ ಒಣಗಿ ಗಂಟಾಗಿತ್ತು. ಎಂಟು ಬೆರಳನ್ನೂ ನಡುಸಾಲಿನ ಕೀಲಿಗಳ ಮೇಲೆ ಇಟ್ಟು, ಕಣ್ಣು ಮುಚ್ಚಿದಳು. ಅಕ್ಕ ಕಲಿಸುತ್ತಿದ್ದದ್ದೇ ಹಾಗೆ, ಕೀಲಿ ನೋಡಿದವರಿಗೆ ಸ್ಕೇಲಿನ ಏಟು.

ಹೊಡೆದಳು. ತಪ್ಪು.

'ಈ ಗಂಟು ಬಿದ್ದ ಬೆಳ್ಳು ಪಕ್ಕದ್ದಕ್ಕೂ ತಗುಲ್ತದೆ,' ಎಂದಳು. ತೋರುಬೆರಳು ಎತ್ತಿ ನಡುಬೆರಳಲ್ಲಿ ಅದರ ಕೆಲಸ ತೆಗೆದುಕೊಂಡು, ಇನ್ನೊಮ್ಮೆ, ಒಂದೊಂದೇ ಕೀಲಿ.

ಕಡತ ತೆರೆಯಿತು.

ಯಶಸ್ವಿನಿ ಕುರ್ಚಿಯಿಂದ ಹಾರಿದಳು. ಮರುಕ್ಷಣವೇ 'ಅಯ್ಯೋ!' ಎಂದಳು. ಪರದೆ ತುಂಬ ಕೊಂಬಿನ ಇಂಗ್ಲಿಷು, ಒಂದು ಸಾಲೂ ಓದಲಾಗದು.

'ಅರಚ್ಬೇಡಿ, ಇದೂ ಅದೇ ರೋಗ,' ಎಂದಳು ಮರಿಯಮ್ಮ. ಇಡೀ ಕಡತ ಹಿಡಿದು, ನುಡಿಯ ಜೊತೆಗೇ ಬಂದಿದ್ದ ಫಾಂಟು ಆರಿಸಿ ಒತ್ತಿದಳು. ಕೊಂಬುಗಳೆಲ್ಲ ಕಳಚಿಬಿದ್ದು ಹೆಂಗಸರು ಎದ್ದು ಬಂದರು. ಒಂದು, ಎರಡು, ಮೂರು. ಮೂವತ್ತೊಂದೂ ಇದ್ದರು.

'ಹೆಂಗಾಯ್ತೇ?' ಎಂದು ಫೋನು ಕಿರುಚುತ್ತಿತ್ತು. 'ಯಾರಾರ ಬಾಯ್ ಬಿಡ್ರೇ!'

'ತೆರೀತು ಮೇಡಮ್ಮೋರೆ!'

'ಎಷ್ಟ್ ಸಲಕ್ಕೆ?'

'ಎರಡ್ನೇ ಸಲ.'

'ಮೊದಲ್ನೇ ಸಲಕ್ಕೆ ತೆರೀಬೇಕಿತ್ತು,' ಎಂದಳು ಅಕ್ಕ. ಆಮೇಲೆ ಆ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು.

ಯಶಸ್ವಿನಿಯ ಪ್ರಿಂಟರ್ ಹಾಳೆ ಉಗುಳಿತು. ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಆಟೋ ಹಿಡಿದು ಓಡಿದೆವು. ಎರಡಕ್ಕೆ ಏಳು ನಿಮಿಷ ಇರುವಾಗ ಲಕೋಟೆ ಅಧಿಕಾರಿಯ ಕೈ ಸೇರಿತು. ಅವರ ಗುಮಾಸ್ತ 'ಯಾರ್ ಯಾರದ್ದು ಇದು?' ಎಂದ. 'ಒಳಗಿದೆ,' ಎಂದಳು ಯಶಸ್ವಿನಿ.

ಶುಕ್ರವಾರ ತಪಾಸಣೆಯಾಯಿತು. ಪಾಯಿಖಾನೆಯ ಬೀಗವನ್ನು ಅಧಿಕಾರಿಯ ಕಣ್ಣೆದುರೇ ಸುತ್ತಿಗೆಯಲ್ಲಿ ಒಡೆಸಿದರು. ಕೀಲಿಕೈ ಇದ್ದ ಸೂಪರ್‌ವೈಸರ್ ಆ ದಿನ ರಜೆ ಹಾಕಿದ್ದ. ಶನಿವಾರ ಅವನು ವ್ಯಾನು ನಿಲ್ಲುವಲ್ಲೇ ಮರಿಯಮ್ಮನನ್ನು ಅಡ್ಡಹಾಕಿ ಯಾರ್ಯಾರು ಹೆಸರು ಕೊಟ್ಟದ್ದು ಎಂದು ಕೇಳಿದ. 'ನೀವೇ ಹೇಳಿ ಸಾ. ಹೋದ್ಸಲ ನಂಗಿಂತ ಮೊದ್ಲು ನಿಮಗೇ ಗೊತ್ತಾಗಿತ್ತಲ್ಲ,' ಎಂದಳು.

ಅಕ್ಕ ಕಾಯುತ್ತಿದ್ದದ್ದು ಸೋಮವಾರಕ್ಕೆ. ಹೋದ ಸಲ ಗೇಟು ಮುಚ್ಚಿದ್ದು ಮೂರನೇ ಬೆಳಿಗ್ಗೆ. ಲಕೋಟೆ ಕೊಟ್ಟ ಗುರುವಾರದಿಂದ ಎಣಿಸಿ, ಭಾನುವಾರದ ರಜೆ ಕಳೆದರೆ ಸೋಮವಾರವೇ ಆ ಬೆಳಿಗ್ಗೆ. ಫೋನು ಮುಂದಿಟ್ಟುಕೊಂಡು, ಕಾಫಿ ಆರಿದರೂ ಕುಡಿಯದೆ ಕೂತಿದ್ದಳು. ಎಂಟೂ ಕಾಲಿಗೆ ಅದು ಬಡಿದುಕೊಂಡಿತು. ಮರಿಯಮ್ಮ ಕಾರ್ಖಾನೆಯ ಗೇಟಿನ ಎದುರು, ರಸ್ತೆಯ ಈಚೆ ನಿಂತು ಎಣಿಸಿದ್ದಳು.

'ಮೂವತ್ತೊಂದೂ ಒಳಗೋದ್ರು ಮೇಡಮ್ಮೋರೆ. ಒಬ್ಬಳನ್ನೂ ತಡೀಲಿಲ್ಲ.'

ಹೊಂಬಾಳಕ್ಕ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಎತ್ತಿದಳು.

'ಸರಿ. ನಾಳೆ ಹತ್ತು ಗಂಟೆಗೆ ಗುಬ್ಬಿಗೆ ಬಾ. ಆ ಬೀಗ ಕೂರ್ಸೋದು ನೀನೂ ಕಲೀಬೇಕು. ಬರುವಾಗ ಬೆರಳಿಗೆ ಎಣ್ಣೆ ತಿಕ್ಕೊಂಡು ಬಾ.'

'ಸ್ಕೇಲು ಅದೇನಾ ಮೇಡಮ್ಮೋರೆ?'

'ಅದೇ ಅದೆ. ಬಾ.'